ಒಣಗಿದ್ದಾಗ ತೂಗಿ, ನೆನೆಸಿ ತಿನ್ನಿಸಿ: ಕುದುರೆಗೆ ಬೀಟ್ ಪಲ್ಪ್ ಕೊಡುವ ಕ್ರಮ

ಬೀಟ್ ಎಂದೊಡನೆ ಅಡುಗೆಮನೆಯ ಕೆಂಪು ಬೀಟ್‌ರೂಟ್ ನೆನಪಾಗುತ್ತದೆ. ಇಲ್ಲಿ ಹೇಳುತ್ತಿರುವುದು ಅದರ ಅಣ್ಣತಮ್ಮನಂಥ ಸಕ್ಕರೆ ಬೀಟ್: ಬಿಳಿ ತಿರುಳು, ಕೆಳಕ್ಕೆ ಮೊನಚಾದ ದಪ್ಪ ಗಡ್ಡೆ. ಕಾರ್ಖಾನೆಯಲ್ಲಿ ಅದನ್ನು ಸಣ್ಣ ಎಳೆಗಳಾಗಿ ಹೆಚ್ಚಿ, ಸುಮಾರು 70 ಡಿಗ್ರಿ ಬಿಸಿನೀರಿನಲ್ಲಿ ಹಾಯಿಸಿ ಸಕ್ಕರೆಯನ್ನು ಇಳಿಸಿಕೊಳ್ಳುತ್ತಾರೆ. ಉಳಿದ ಸಪ್ಪೆ ನಾರನ್ನು ಹಿಂಡಿ ಒಣಗಿಸಿದರೆ ಅದೇ ಬೀಟ್ ಪಲ್ಪ್. ಕಬ್ಬಿನ ಸಿಪ್ಪೆಯಂತೆ ಇದೂ ಸಕ್ಕರೆ ತೆಗೆದ ಚರಟ ತಾನೆ ಎಂದುಕೊಳ್ಳಬೇಡಿ. ಕಬ್ಬಿನ ಸಿಪ್ಪೆ ತುಂಬ ಲಿಗ್ನಿನ್, ಅಂದರೆ ಮರದಂಥ ಗಡಸು ನಾರು. ಬೀಟ್ ಪಲ್ಪ್‌ನಲ್ಲಿ ಲಿಗ್ನಿನ್ ಬಹಳ ಕಡಿಮೆ, ಪೆಕ್ಟಿನ್ ಬಹಳ ಹೆಚ್ಚು. ಹಣ್ಣಿನ ಜಾಮ್ ಗಟ್ಟಿಯಾಗುವುದು ಈ ಪೆಕ್ಟಿನ್‌ನಿಂದಲೇ. ಅದು ನೀರು ಕುಡಿದು ಉಬ್ಬುತ್ತದೆ, ಕುದುರೆಯ ದೊಡ್ಡ ಕರುಳಿನ ಸೂಕ್ಷ್ಮಜೀವಿಗಳಿಗೆ ಸುಲಭವಾಗಿ ದಕ್ಕುತ್ತದೆ. ಬೀಟ್ ಪಲ್ಪ್‌ನ ಉಪಯೋಗವೂ ತೊಂದರೆಯೂ ಹುಟ್ಟುವುದು ಈ ಎರಡು ಗುಣಗಳಿಂದ.

ಹುಲ್ಲಿನ ಲೆಕ್ಕವೋ, ಧಾನ್ಯದ ಲೆಕ್ಕವೋ?

ಹುಲ್ಲಿನ ಲೆಕ್ಕ, ಆದರೆ ಧಾನ್ಯಕ್ಕೆ ಹತ್ತಿರದ ಶಕ್ತಿ. ಒಂದು ಕೆಜಿ ಸಾಧಾರಣ ಒಣಹುಲ್ಲಿನಿಂದ ಕುದುರೆಗೆ ಸುಮಾರು 1.8 ಮೆಗಾಕ್ಯಾಲೊರಿ (ಒಂದು ಮೆಗಾಕ್ಯಾಲೊರಿ ಎಂದರೆ ಸಾವಿರ ಕಿಲೊಕ್ಯಾಲೊರಿ) ದಕ್ಕುತ್ತದೆ, ಒಂದು ಕೆಜಿ ಓಟ್ಸ್‌ನಿಂದ 2.9ರ ಆಸುಪಾಸು. ಬೀಟ್ ಪಲ್ಪ್ ಇವೆರಡರ ನಡುವೆ, ಸುಮಾರು 2.5ರಲ್ಲಿ ನಿಲ್ಲುತ್ತದೆ. ವ್ಯತ್ಯಾಸ ಇರುವುದು ಆ ಶಕ್ತಿ ಬರುವ ದಾರಿಯಲ್ಲಿ. ಓಟ್ಸ್‌ನ ಸುಮಾರು ಶೇ. 40 ಪಿಷ್ಟ, ಮೆಕ್ಕೆಜೋಳದಲ್ಲಿ ಅದು ಶೇ. 70ರಷ್ಟು. ಸಣ್ಣ ಕರುಳು ಜೀರ್ಣಿಸಿಕೊಳ್ಳಲಾಗದೆ ಬಿಟ್ಟ ಪಿಷ್ಟ ದೊಡ್ಡ ಕರುಳಿಗೆ ಜಾರಿದರೆ ಅಲ್ಲಿ ಹುಳಿ ಏರುತ್ತದೆ. ಹೊಟ್ಟೆಶೂಲೆ, ಲ್ಯಾಮಿನೈಟಿಸ್ (ಗೊರಸಿನ ಒಳಪದರದ ನೋವಿನ ಉರಿಯೂತ) ಎರಡಕ್ಕೂ ಅದು ನೆಟ್ಟ ದಾರಿ. ಬೀಟ್ ಪಲ್ಪ್‌ನಲ್ಲಿ ಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ. ಅದರ ನಾರು ದೊಡ್ಡ ಕರುಳಿನಲ್ಲಿ ನಿಧಾನವಾಗಿ ಹುದುಗಿ ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಆಮ್ಲಗಳಾಗುತ್ತದೆ, ಕುದುರೆಯ ದೇಹ ಅವನ್ನೇ ಇಂಧನವಾಗಿ ಬಳಸುತ್ತದೆ. ಈ ಕೆಲಸ ಗಂಟೆಗಟ್ಟಲೆ ನಡೆಯುವುದರಿಂದ ಧಾನ್ಯ ತಿಂದ ಕುದುರೆಯಲ್ಲಿ ಕಾಣುವ ಏಕಾಏಕಿ ಸಕ್ಕರೆ ಏರಿಕೆ ಇಲ್ಲಿ ಇರುವುದಿಲ್ಲ.

ಹಾಗಾಗಿ ಮೈ ತುಂಬದ ಕುದುರೆ, ಹಲ್ಲು ಸವೆದ ಮುದಿ ಕುದುರೆ, ಧಾನ್ಯ ಹೆಚ್ಚಿಸಿದರೆ ತಲೆ ಕೆಡಿಸಿಕೊಳ್ಳುವ ಬಿರುಸಿನ ಕುದುರೆ, ಹುಲ್ಲಿನ ಧೂಳಿಗೆ ಕೆಮ್ಮುವ ಕುದುರೆ, ದೂರದ ಓಟಕ್ಕೆ ಕರುಳಿನಲ್ಲಿ ನೀರು ಹಿಡಿದಿಟ್ಟುಕೊಳ್ಳಬೇಕಾದ ಕುದುರೆ, ಇವೆಲ್ಲಕ್ಕೂ ಇದು ಒಳ್ಳೆಯ ಮೇವು. ಒಳ್ಳೆಯ ಹುಲ್ಲು ಸಿಗದ ದಿನಗಳಲ್ಲಿ ಹುಲ್ಲಿನ ಒಂದು ಪಾಲನ್ನು ತುಂಬುವುದಕ್ಕೂ ಸರಿ. ಆದರೆ ಹುಲ್ಲೇ ತಿಂದು ದುಂಡಗಾಗಿರುವ ಕುದುರೆಗೆ "ನಾರಲ್ಲವೇ, ಏನೂ ಆಗದು" ಎಂದು ಹಾಕಿದರೆ ಅದು ಇನ್ನೂ ದಪ್ಪವಾಗುವುದು ಖಂಡಿತ.

ಚೀಲ ಕೊಳ್ಳುವಾಗ

ಬೀಟ್ ಪಲ್ಪ್ ಮೂರು ರೂಪದಲ್ಲಿ ಬರುತ್ತದೆ. ಮೊದಲನೆಯದು ಚೂರು: ಹಗುರವಾದ, ಬೂದುಗಂದು ಬಣ್ಣದ, ತುರಿದು ಒಣಗಿಸಿದಂಥ ಎಳೆಗಳು. ಎರಡನೆಯದು ಗುಳಿಗೆ, ಅಂದರೆ ಅದೇ ಚೂರನ್ನು ಒತ್ತಿ ಮಾಡಿದ ಗಟ್ಟಿ ಪೆಲೆಟ್. ಮೂರನೆಯದು ಬೇಯಿಸಿ ಚಪ್ಪಟೆ ಮಾಡಿದ ಅವಲಕ್ಕಿಯಂಥ ಬಿಲ್ಲೆ, ಹತ್ತು-ಹದಿನೈದು ನಿಮಿಷದಲ್ಲಿ ನೆನೆಯುತ್ತದೆ. ಗುಳಿಗೆ ಜಾಗ ಕಡಿಮೆ ಹಿಡಿಯುತ್ತದೆ, ಧೂಳೂ ಕಡಿಮೆ, ಆದರೆ ನೆನೆಯಲು ಬಹಳ ಹೊತ್ತು ಬೇಕು. ನೆನೆಸಿ ಕಾಯುವ ವ್ಯವಧಾನ ಇರುವ ಲಾಯಕ್ಕೆ ಗುಳಿಗೆಯೂ ಆದೀತು. ಒಂದೊಂದು ದಿನ ಒಬ್ಬೊಬ್ಬರು ಮೇವು ಹಾಕುವ ಲಾಯವಾದರೆ ಚೂರನ್ನೇ ಕೊಳ್ಳುವುದು ಜಾಣತನ, ಅವಸರದಲ್ಲಿ ಆಗುವ ತಪ್ಪಿಗೆ ಅದರಲ್ಲಿ ಶಿಕ್ಷೆ ಕಡಿಮೆ.

ರೂಪಕ್ಕಿಂತ ಮುಖ್ಯ, ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ) ಸೇರಿಸಿದ್ದಾರೋ ಇಲ್ಲವೋ ಎಂಬುದು. ಧೂಳು ಅಡಗಿಸಲು, ರುಚಿ ಕೊಡಲು ಕೆಲವರು ಕಾಕಂಬಿ ಬೆರೆಸುತ್ತಾರೆ. ಕಾಕಂಬಿ ಇಲ್ಲದ ಪಲ್ಪ್‌ನಲ್ಲಿ ಸಕ್ಕರೆ ಸಾಮಾನ್ಯವಾಗಿ ಶೇ. 5ರಿಂದ 10ರೊಳಗೆ, ಧಾರಾಳವಾಗಿ ಬೆರೆಸಿದ್ದರಲ್ಲಿ ಶೇ. 20 ದಾಟುವುದೂ ಉಂಟು. ಚೀಟಿಯಲ್ಲಿ ಸಕ್ಕರೆಯ ಶೇಕಡಾವಾರು ಬರೆದಿದ್ದರೆ ಅದನ್ನು ಓದಿ. ಬರೆದಿಲ್ಲದಿದ್ದರೆ ಒಂದು ಹಿಡಿ ಮೂಸಿ ನೋಡಿ: ಬೆಲ್ಲದ ವಾಸನೆ, ಕೈಗೆ ಅಂಟು, ಕಪ್ಪಗಿನ ಬಣ್ಣ ಇದ್ದರೆ ಕಾಕಂಬಿ ಬಿದ್ದಿದೆ. ಆರೋಗ್ಯವಾಗಿರುವ, ದಿನಾ ದುಡಿಯುವ ಕುದುರೆಗೆ ಅದರಿಂದ ತೊಂದರೆಯಿಲ್ಲ. ಬೊಜ್ಜು ಬಂದ, ಇನ್ಸುಲಿನ್ ಏರುಪೇರು ಇರುವ, ಹಿಂದೆ ಲ್ಯಾಮಿನೈಟಿಸ್ ಆಗಿರುವ ಕುದುರೆಗೆ ಕಾಕಂಬಿ ಇಲ್ಲದ್ದೇ ಬೇಕು.

ಒಣ ಪಲ್ಪ್ ಗಾಳಿಯ ತೇವವನ್ನೂ ಹೀರುತ್ತದೆ. ಚೀಲವನ್ನು ನೆಲಕ್ಕೆ, ಗೋಡೆಗೆ ತಾಗದಂತೆ ಹಲಗೆಯ ಮೇಲಿಡಿ. ಬಿಚ್ಚಿದ ಮೇಲೆ ಮುಚ್ಚಳ ಬಿಗಿಯಾದ ಡ್ರಮ್‌ಗೆ ಸುರಿಯಿರಿ. ಹೊಸ ಚೀಲವನ್ನು ಹಳೆಯ ತಳದ ಪುಡಿಯ ಮೇಲೆ ಸುರಿಯದೆ, ಡ್ರಮ್ ಒರೆಸಿ ಆಮೇಲೆ ತುಂಬಿಸಿ. ಬೂಷ್ಟಿನ ವಾಸನೆ, ಗಂಟುಕಟ್ಟಿದ ಉಂಡೆ, ಇಲಿ ಹಿಕ್ಕೆ ಕಂಡರೆ ಆ ಚೀಲವೇ ಬೇಡ. ಮೇವಿನಲ್ಲಿ ಸತ್ತ ಇಲಿ ಸಿಕ್ಕರಂತೂ ಸುತ್ತಲಿನದನ್ನು ಮಾತ್ರ ಎತ್ತಿ ಎಸೆದು ಉಳಿದದ್ದನ್ನು ಹಾಕುವ ಉಳಿತಾಯ ಮಾಡಬೇಡಿ. ಕೊಳೆತ ಪ್ರಾಣಿಯಿಂದ ಬರುವ ಬೊಟುಲಿಸಂ ವಿಷಕ್ಕೆ ಕುದುರೆಯಷ್ಟು ಬೇಗ ಬಲಿಯಾಗುವ ಪ್ರಾಣಿ ಕಡಿಮೆ.

ಡ್ರಮ್ಮಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ: "ಬೀಟ್ ಪಲ್ಪ್, ನೆನೆಸದೆ ಹಾಕಬೇಡಿ." ಬೀಟ್ ಗುಳಿಗೆಯೂ ಕುದುರೆಯ ಮಾಮೂಲಿ ಪೆಲೆಟ್ ಮೇವೂ ನೋಡಲು ಒಂದೇ ಥರ. ಹೊಸಬರು ಒಂದರ ಬದಲು ಇನ್ನೊಂದನ್ನು ಗೋದಲಿಗೆ ಸುರಿಯುವುದು ಎಲ್ಲೆಡೆ ನಡೆಯುವ ಅವಘಡ.

ಎಷ್ಟು ಕೊಡಬೇಕು

ಲೆಕ್ಕವೆಲ್ಲ ಒಣ ತೂಕದಲ್ಲೇ. ಒಂದು ಕೆಜಿ ಪಲ್ಪ್ ನೆನೆದ ಮೇಲೆ ನಾಲ್ಕೈದು ಕೆಜಿ ತೂಗುತ್ತದೆ. ಬಕೆಟ್ ತುಂಬ ಕಾಣುವುದರಲ್ಲಿ ಮುಕ್ಕಾಲು ಪಾಲು ನೀರು. "ದಿನಕ್ಕೆ ಒಂದು ಬಕೆಟ್ ಬೀಟ್ ಪಲ್ಪ್ ಕೊಡುತ್ತೇವೆ, ಆದರೂ ಮೈ ಹಿಡಿಯುತ್ತಿಲ್ಲ" ಎಂಬ ದೂರಿನ ಒಳಗುಟ್ಟು ಬಹಳ ಸಲ ಇದೇ: ಆ ಬಕೆಟ್ಟಿನೊಳಗೆ ಇರುವುದು ಅರ್ಧ ಕೆಜಿ ಮೇವು.

ಡಬ್ಬಿಯಿಂದ ಅಳೆಯುವುದೂ ಮೋಸ ಮಾಡುತ್ತದೆ. ಒಂದು ಲೀಟರ್ ಡಬ್ಬಿಗೆ ಚೂರು 200ರಿಂದ 300 ಗ್ರಾಂ ಹಿಡಿದರೆ ಗುಳಿಗೆ 600 ಗ್ರಾಂ ಆಸುಪಾಸು ಹಿಡಿಯುತ್ತದೆ. ಚೂರಿನಿಂದ ಗುಳಿಗೆಗೆ ಬದಲಾಯಿಸಿ ಡಬ್ಬಿಯನ್ನು ಮಾತ್ರ ಅದೇ ಇಟ್ಟುಕೊಂಡರೆ ಮೇವು ಒಂದೇ ದಿನದಲ್ಲಿ ಎರಡು ಪಟ್ಟು ಮೀರುತ್ತದೆ. ತಕ್ಕಡಿಯಲ್ಲಿ ಒಮ್ಮೆ ತೂಗಿ ಡಬ್ಬಿಗೆ ಗೆರೆ ಹಾಕಿಟ್ಟುಕೊಳ್ಳಿ. ಹೊಸ ಚೀಲ ಬಂದಾಗ ಇನ್ನೊಮ್ಮೆ ತೂಗಿ.

ಕುದುರೆಯ ತೂಕ ಗೊತ್ತಿರಬೇಕು. ತೂಕದ ಯಂತ್ರ ಇಲ್ಲದಿದ್ದರೆ ಅಳತೆ ಪಟ್ಟಿ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗಿನ ಉದ್ದವನ್ನೂ ಸೆಂಟಿಮೀಟರ್‌ನಲ್ಲಿ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕೆಜಿಯಲ್ಲಿ ಅಂದಾಜು ತೂಕ. ಸುತ್ತಳತೆ 180, ಉದ್ದ 165 ಇದ್ದರೆ 450 ಕೆಜಿ.

ಬೆಳೆದ ಕುದುರೆಗೆ ದಿನಕ್ಕೆ ದೇಹತೂಕದ ಶೇ. 1.5ರಿಂದ 2ರಷ್ಟು ಒಣಮೇವು ಬೇಕು. ನಮ್ಮ 450 ಕೆಜಿಯ ಕುದುರೆಗೆ ಅದು ಏಳರಿಂದ ಒಂಬತ್ತು ಕೆಜಿ. ಇದರ ಕಾಲು ಭಾಗದವರೆಗೆ ಬೀಟ್ ಪಲ್ಪ್ ಆಗಬಹುದು, ಅನಿವಾರ್ಯವಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ದಿನಬಳಕೆಗೆ ಒಣ ತೂಕದಲ್ಲಿ ಅರ್ಧ ಕೆಜಿಯಿಂದ ಎರಡು ಕೆಜಿ ಸರಿಯಾದ ಮಿತಿ, ಚಿಕ್ಕ ತಳಿಯ 250 ಕೆಜಿ ಕುದುರೆಗೆ ಇದರ ಅರ್ಧ. ಉದ್ದ ಎಳೆಯ ಹುಲ್ಲು ಮಾತ್ರ ದೇಹತೂಕದ ಶೇ. 1ಕ್ಕಿಂತ ಕೆಳಗೆ ಇಳಿಯಬಾರದು. ಒಂದು ಕೆಜಿ ಹುಲ್ಲು ತಿನ್ನಲು ಕುದುರೆ ಸುಮಾರು ನಲವತ್ತು ನಿಮಿಷ ಅಗಿಯುತ್ತದೆ, ಅಗಿದಷ್ಟೂ ಜೊಲ್ಲು ಸುರಿದು ಜಠರದ ಹುಳಿಯನ್ನು ತಗ್ಗಿಸುತ್ತದೆ. ನೆನೆದ ಪಲ್ಪ್ ಹೆಚ್ಚು ಅಗಿಯದೆಯೇ ಒಳಗೆ ಇಳಿಯುತ್ತದೆ. ನಾರಿನ ಲೆಕ್ಕ ಸರಿಹೋದರೂ ಬಾಯಿಯ ಕೆಲಸ ಉಳಿದುಹೋಗುತ್ತದೆ. ಹಾಗೆ ಉಳಿದ ಹೊತ್ತಿನಲ್ಲಿ ಕುದುರೆ ಲಾಯದ ಮರ ಕಚ್ಚುತ್ತದೆ.

ಮೈ ತುಂಬಿಸಲು ಕೊಡುವುದಾದರೆ ತಾಳ್ಮೆಯ ಲೆಕ್ಕ ಹೀಗೆ. ಪಕ್ಕೆಲುಬು ಎಣಿಸಲು ಬರುವ ಕುದುರೆ, ಮೈಕಟ್ಟಿನ 1ರಿಂದ 9ರ ಅಳತೆಯಲ್ಲಿ (1 ಎಂದರೆ ತೀರಾ ಬಡಕಲು, 9 ಎಂದರೆ ತೀರಾ ಬೊಜ್ಜು) ಒಂದು ಮೆಟ್ಟಿಲು ಏರಲು ಸುಮಾರು 18 ಕೆಜಿ ತೂಕ ಹೆಚ್ಚಬೇಕು. ಒಂದೊಂದು ಕೆಜಿ ಹೆಚ್ಚಲು ದಿನನಿತ್ಯದ ಅಗತ್ಯದ ಮೇಲೆ ಸುಮಾರು 20 ಮೆಗಾಕ್ಯಾಲೊರಿ ಬೇಕು, ಒಟ್ಟು 360. ದಿನಕ್ಕೆ ಒಂದೂವರೆ ಕೆಜಿ ಪಲ್ಪ್ ಕೊಟ್ಟರೆ 3.75 ಮೆಗಾಕ್ಯಾಲೊರಿ ಸಿಗುತ್ತದೆ. ಅಲ್ಲಿಗೆ ಮೂರು ತಿಂಗಳು ದಾಟುತ್ತದೆ. ಅದೂ ಇರುವ ಹುಲ್ಲನ್ನು ಒಂದು ಹಿಡಿಯೂ ಕಡಿಮೆ ಮಾಡದಿದ್ದರೆ. ಎರಡು ವಾರ ನೋಡಿ "ಏನೂ ಆಗಲಿಲ್ಲ" ಎಂದು ನಿಲ್ಲಿಸುವವರೇ ಹೆಚ್ಚು. ಇಷ್ಟು ಕೊಟ್ಟೂ ತಿಂಗಳಲ್ಲಿ ಸುತ್ತಳತೆ ಪಟ್ಟಿ ಕದಲದಿದ್ದರೆ ಪಲ್ಪ್ ಹೆಚ್ಚಿಸುವ ಮೊದಲು ಹಲ್ಲು ತೋರಿಸಿ, ಲದ್ದಿಯಲ್ಲಿ ಹುಳದ ಮೊಟ್ಟೆ ಇದೆಯೇ ಪರೀಕ್ಷಿಸಿ.

ನೆನೆಸುವುದು

1. ಒಂದು ಹೊತ್ತಿನ ಅಥವಾ ಒಂದು ದಿನದ ಪಲ್ಪ್ ತೂಗಿ, ಅದಕ್ಕೆಂದೇ ಇಟ್ಟ ದೊಡ್ಡ ಬಕೆಟ್‌ಗೆ ಹಾಕಿ. ಒಂದು ಕೆಜಿ ಗುಳಿಗೆ ಬಕೆಟ್ಟಿನ ತಳದಲ್ಲಿ ಎರಡು ಲೀಟರಿನಷ್ಟೂ ಕಾಣುವುದಿಲ್ಲ, ಉಬ್ಬಿದಾಗ ಆರು ಲೀಟರ್ ದಾಟುತ್ತದೆ. ಹತ್ತು ಲೀಟರಿಗಿಂತ ಚಿಕ್ಕ ಬಕೆಟ್ ಬೇಡ.

2. ಕೈಯಾಡಿಸಿ ಕಲ್ಲು, ದಾರ, ತಂತಿಯ ಚೂರು ಇದ್ದರೆ ಹೆಕ್ಕಿ ತೆಗೆಯಿರಿ. ಬೀಟ್ ನೆಲದೊಳಗಿನ ಗಡ್ಡೆ, ಮಣ್ಣು-ಕಲ್ಲಿನ ಸಹವಾಸ ಅದಕ್ಕೆ ತಪ್ಪಿದ್ದಲ್ಲ.

3. ನೀರು ಹಾಕಿ. ಒಂದು ಕೆಜಿ ಚೂರಿಗೆ ಮೂರರಿಂದ ನಾಲ್ಕು ಲೀಟರ್, ಒಂದು ಕೆಜಿ ಗುಳಿಗೆಗೆ ನಾಲ್ಕರಿಂದ ಐದು ಲೀಟರ್. ನೀರು ಹೆಚ್ಚಾದರೆ ತೊಂದರೆಯಿಲ್ಲ, ಬಸಿದರಾಯಿತು. ತೊಂದರೆ ಬರುವುದು ಕಡಿಮೆಯಾದಾಗ.

4. ಕಾಯಿರಿ. ತಣ್ಣೀರಿನಲ್ಲಿ ಚೂರಿಗೆ ಎರಡು ಗಂಟೆ, ಗುಳಿಗೆಗೆ ಒಂದು ರಾತ್ರಿ, ಅಂದರೆ ಹನ್ನೆರಡು ಗಂಟೆ. ಬಿಸಿನೀರಿನಲ್ಲಿ ಚೂರು ಅರ್ಧ ಗಂಟೆಗೆ ಮೆತ್ತಗಾಗುತ್ತದೆ, ಗುಳಿಗೆ ಎರಡು ಗಂಟೆಯ ಆಸುಪಾಸಿನಲ್ಲಿ. ಚೀಲದ ಮೇಲೆ ಇದಕ್ಕಿಂತ ಹೆಚ್ಚು ಹೊತ್ತು ಬರೆದಿದ್ದರೆ ಅದನ್ನೇ ಪಾಲಿಸಿ. ಗುಳಿಗೆಯನ್ನು ಒತ್ತಿದ ಬಿಗಿ ಕಾರ್ಖಾನೆಯಿಂದ ಕಾರ್ಖಾನೆಗೆ ಬೇರೆ, 24 ಗಂಟೆ ಕೇಳುವ ಗುಳಿಗೆಗಳೂ ಇವೆ.

5. ಹಿಸುಕಿ ನೋಡಿ. ಮೇಲಿನದನ್ನಲ್ಲ, ಬಕೆಟ್ಟಿನ ತಳದಿಂದ ಒಂದು ಹಿಡಿ ಎತ್ತಿ ಬೆರಳ ನಡುವೆ ಒತ್ತಿ. ನಡುವೆ ಗಟ್ಟಿ ಬೀಜದಂತೆ ಸಿಕ್ಕರೆ ಇನ್ನೂ ಆಗಿಲ್ಲ. ನೀರೆಲ್ಲ ಇಂಗಿಹೋಗಿದ್ದರೆ ಅದು ಆಯಿತೆಂಬ ಗುರುತಲ್ಲ, ನೀರು ಸಾಲಲಿಲ್ಲ ಎಂಬ ಗುರುತೂ ಆಗಿರಬಹುದು. ಒಂದು ಚೊಂಬು ಸುರಿದು ಅರ್ಧ ಗಂಟೆ ಬಿಡಿ, ಅದನ್ನೂ ಕುಡಿದರೆ ಇನ್ನೊಂದು ಚೊಂಬು.

6. ಬಿಸಿನೀರು ಹಾಕಿದ್ದರೆ ಬಕೆಟ್ಟಿನ ನಡುವಿಗೆ ಕೈ ಇಳಿಸಿ ನೋಡಿ. ಮೇಲೆ ಆರಿದಂತಿದ್ದರೂ ಒಳಗೆ ಬಹಳ ಹೊತ್ತು ಸುಡುತ್ತಿರುತ್ತದೆ.

7. ಉಪ್ಪು, ಎಣ್ಣೆ, ಔಷಧಿ, ಖನಿಜದ ಪುಡಿಗಳನ್ನು ಗೋದಲಿಗೆ ಹಾಕುವ ಮುಂಚೆ ಬೆರೆಸಿ. ನೆನೆಸುವ ನೀರಿಗೆ ಹಾಕಿದರೆ ಬಸಿದುಹೋಗುತ್ತದೆ, ಬಿಸಿನೀರಿಗೆ ಹಾಕಿದರೆ ಕೆಲವು ವಿಟಮಿನ್‌ಗಳು ಹಾಳಾಗುತ್ತವೆ.

ನೆನೆದ ಪಲ್ಪ್ ಹುಳಿಯುವ ಪದಾರ್ಥ, ದೋಸೆ ಹಿಟ್ಟಿನ ಹಾಗೆ. ತಂಪು ಹವೆಯಲ್ಲಿ ಒಂದು ದಿನ ನಿಂತೀತು. ಸೆಕೆಯಲ್ಲಿ ಆರೆಂಟು ಗಂಟೆಯಲ್ಲೇ ಹುಳಿ ವಾಸನೆ, ಗುಳ್ಳೆ, ಲೋಳೆ ಕಾಣಿಸಿಕೊಳ್ಳುತ್ತದೆ. ಕಂಡರೆ ಗೊಬ್ಬರದ ಗುಂಡಿಗೆ ಹೋಗಲಿ. ಸೆಕೆಯ ದಿನಗಳಲ್ಲಿ ಗುಳಿಗೆಗೆ ರಾತ್ರಿಯ ತಣ್ಣೀರಿನ ಬದಲು ಮೇವಿನ ಹೊತ್ತಿಗೆ ಎರಡು ಗಂಟೆ ಮುಂಚೆ ಬಿಸಿನೀರು ಹಾಕುವುದು ವಾಸಿ, ಇಲ್ಲವೇ ಚೂರಿಗೆ ಬದಲಾಯಿಸಿ. ಗೋದಲಿಯಲ್ಲಿ ಕುದುರೆ ಬಿಟ್ಟ ಎಂಜಲನ್ನು ಮುಂದಿನ ಹೊತ್ತಿನ ಮೇಲೆ ಹಾಕಬೇಡಿ. ಬಕೆಟ್ಟಿನ ಅಂಚಿಗೆ ಅಂಟಿ ಒಣಗಿದ ಹಳೆಯ ಪಲ್ಪ್ ಹೊಸದಕ್ಕೆ ಹೆಪ್ಪು ಹಾಕಿದಂತೆ ಕೆಲಸ ಮಾಡುತ್ತದೆ, ದಿನಾ ಉಜ್ಜಿ ತೊಳೆಯಿರಿ.

ಸಕ್ಕರೆ ಇಳಿಸಿ ಕೊಡುವುದು

ಲ್ಯಾಮಿನೈಟಿಸ್ ಆದ, ಇನ್ಸುಲಿನ್ ತೊಂದರೆಯ, ಕುಶಿಂಗ್ ರೋಗದ (ಮುದಿ ಕುದುರೆಗಳಲ್ಲಿ ಹೆಚ್ಚಾಗಿ ಕಾಣುವ ಹಾರ್ಮೋನ್ ಕಾಯಿಲೆ) ಕುದುರೆಗಳಿಗೆ ಕಾಕಂಬಿ ಇಲ್ಲದ ಪಲ್ಪ್ ಅನ್ನೂ ತೊಳೆದು ಕೊಡುವುದು ಒಳ್ಳೆಯದು. ಮೊದಲು ಜರಡಿಯಲ್ಲಿ ಹಾಕಿ ಧೂಳು ಹೋಗುವಂತೆ ಒಮ್ಮೆ ತೊಳೆಯಿರಿ. ಆಮೇಲೆ ಧಾರಾಳ ನೀರಿನಲ್ಲಿ ನೆನೆಸಿ. ನೆನೆದ ಮೇಲೆ ಆ ನೀರನ್ನು ಚೆಲ್ಲಿ, ಜರಡಿಯಲ್ಲೇ ಇಟ್ಟು ನೀರು ತಿಳಿಯಾಗುವವರೆಗೆ ಮತ್ತೆ ತೊಳೆದು ಬಸಿಯಿರಿ. ಸಕ್ಕರೆ ನೀರಿನಲ್ಲಿ ಕರಗುವುದರಿಂದ ಬಹುಪಾಲು ಇಳಿದುಹೋಗುತ್ತದೆ. ಬೀಟ್ ಪಲ್ಪ್‌ಗೆ ಅಂಟಿಕೊಂಡ ಮಣ್ಣಿನಿಂದ ಕಬ್ಬಿಣದ ಅಂಶ ಹೆಚ್ಚಿರುತ್ತದೆ, ತೊಳೆದಾಗ ಅದೂ ಸ್ವಲ್ಪ ತಗ್ಗುತ್ತದೆ. ಗುಳಿಗೆಯನ್ನು ಹೀಗೆ ತೊಳೆಯುವುದು ಕಷ್ಟ, ಅರ್ಧದಷ್ಟು ಜರಡಿಯಿಂದಲೇ ಜಾರಿಹೋಗುತ್ತದೆ. ಈ ಕೆಲಸಕ್ಕೆ ಚೂರೇ ಸರಿ.

ಪೊಟ್ಯಾಸಿಯಂ ಹೆಚ್ಚಾದರೆ ಸ್ನಾಯು ನಡುಗಿ ಕುಸಿಯುವ ವಂಶವಾಹಿ ಕಾಯಿಲೆ ಕೆಲವು ಕುದುರೆಗಳಲ್ಲಿದೆ. ಕಾಕಂಬಿಯಲ್ಲಿ ಪೊಟ್ಯಾಸಿಯಂ ತುಂಬ, ತೊಳೆದ ಸಪ್ಪೆ ಪಲ್ಪ್‌ನಲ್ಲಿ ಕಡಿಮೆ. ಅವಕ್ಕೂ ಇದೇ ಕ್ರಮ.

ಮೊದಲ ಎರಡು ವಾರ

ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಹೊಸ ನಾರಿಗೆ ಒಗ್ಗಬೇಕು. ಮೊದಲ ಮೂರು ದಿನ ಒಣ ತೂಕದಲ್ಲಿ 150 ಗ್ರಾಂ, ದಿನದ ಎರಡು ಹೊತ್ತಿಗೆ ಹಂಚಿ. ಆಮೇಲೆ ಎರಡು-ಮೂರು ದಿನಕ್ಕೊಮ್ಮೆ ಅಷ್ಟಷ್ಟೇ ಏರಿಸುತ್ತ ಹೋಗಿ. ಒಂದೂವರೆ ಕೆಜಿಯಂಥ ದೊಡ್ಡ ಪ್ರಮಾಣಕ್ಕೆ ಮೂರು ವಾರ ಹಿಡಿದರೂ ಅವಸರ ಬೇಡ. ಲದ್ದಿ ನೋಡುತ್ತಿರಿ. ಸ್ವಲ್ಪ ಮೆತ್ತಗಾದರೆ ಏರಿಸುವುದನ್ನು ನಿಲ್ಲಿಸಿ ಅದೇ ಪ್ರಮಾಣದಲ್ಲಿ ಉಳಿಯಿರಿ. ಸಗಣಿಯಂತೆ ನೀರಾದರೆ ಎರಡು ಹೆಜ್ಜೆ ಹಿಂದಕ್ಕೆ. ಧಾನ್ಯದ ಬದಲಿಗೆ ಕೊಡುವುದಾದರೆ ಧಾನ್ಯವನ್ನೂ ಇದೇ ವೇಗದಲ್ಲಿ ಇಳಿಸಿ.

ಹೊಟ್ಟೆ ಒಡೆಯುತ್ತದೆಯೇ?

ಒಣ ಪಲ್ಪ್ ತಿಂದ ಕುದುರೆ ನೀರು ಕುಡಿದರೆ ಅದು ಜಠರದಲ್ಲಿ ಉಬ್ಬಿ ಹೊಟ್ಟೆ ಒಡೆಯುತ್ತದೆ ಎಂಬ ಮಾತು ಲಾಯದಿಂದ ಲಾಯಕ್ಕೆ ದಾಟಿ ಬಂದಿದೆ. ಅದು ನಿಜವಲ್ಲ. ಜಠರದಲ್ಲಿ ಮೇವು ಹಾಗೆ ಕೂತಿರುವುದಿಲ್ಲ, ಮುಂದಕ್ಕೆ ಸಾಗುತ್ತಲೇ ಇರುತ್ತದೆ. ಸಣ್ಣ ಪ್ರಮಾಣದ ಒಣ ಪಲ್ಪ್ ಎಷ್ಟೋ ಸಿದ್ಧ ಮೇವುಗಳಲ್ಲಿ ಬೆರೆತೇ ಇರುತ್ತದೆ. ಆದರೂ ನೆನೆಸಲೇಬೇಕು ಎನ್ನುವುದಕ್ಕೆ ಬೇರೆ ಕಾರಣವಿದೆ, ಅದು ಗಂಟಲಿನದು. ಕುದುರೆಯ ಅನ್ನನಾಳ ಒಂದೂವರೆ ಮೀಟರಿನಷ್ಟು ಉದ್ದ. ಆತುರಗಾರ ಕುದುರೆ ಒಣ ಗುಳಿಗೆಯನ್ನು ಅಗಿಯದೆ ನುಂಗಿದರೆ ಅದು ಜೊಲ್ಲು ಹೀರಿ ದಾರಿಯಲ್ಲೇ ಉಬ್ಬಿ ಬಿರಡೆಯಂತೆ ಕೂರುತ್ತದೆ. ಕುದುರೆಗೆ ವಾಂತಿ ಮಾಡಿ ಹೊರಹಾಕುವ ಶಕ್ತಿಯಿಲ್ಲ.

ಗುರುತುಗಳು ಗೊಂದಲಕ್ಕೆ ಎಡೆಕೊಡುವುದಿಲ್ಲ: ತಿನ್ನುವುದನ್ನು ತಟ್ಟನೆ ನಿಲ್ಲಿಸಿ ಕತ್ತು ಚಾಚುತ್ತದೆ, ಕೆಮ್ಮುತ್ತದೆ, ಮೂಗಿನ ಹೊಳ್ಳೆಗಳಿಂದ ಮೇವು ಬೆರೆತ ಜೊಲ್ಲು ಇಳಿಯುತ್ತದೆ. ಕೆಲವೊಮ್ಮೆ ಕತ್ತಿನ ಎಡಬದಿಯಲ್ಲಿ ಗಂಟು ಕೈಗೆ ಸಿಗುತ್ತದೆ. ಕೂಡಲೇ ಮೇವು, ನೀರು ಎರಡನ್ನೂ ಎತ್ತಿಬಿಡಿ, ನೆಲದ ಹುಲ್ಲನ್ನೂ ಗುಡಿಸಿ. ಪಶುವೈದ್ಯರಿಗೆ ಕರೆ ಮಾಡಿ. ಅವರು ಬರುವವರೆಗೆ ಕುದುರೆಯನ್ನು ಗದ್ದಲವಿಲ್ಲದ ಕಡೆ, ತಲೆ ಕೆಳಗಿರುವಂತೆ ನಿಲ್ಲಿಸಿ, ಜೊಲ್ಲು ಹೊರಗೆ ಸುರಿಯಲಿ. ಬಾಯಿಗೆ ಎಣ್ಣೆ ಹೊಯ್ಯುವುದು, ಪೈಪಿನಿಂದ ನೀರು ಬಿಡುವುದು, ಕೋಲಿನಿಂದ ತಳ್ಳುವುದು ಯಾವುದೂ ಕೂಡದು. ಕಟ್ಟಿದ ನಾಳದಲ್ಲಿ ಕೆಳಗಿಳಿಯಲಾಗದ ದ್ರವ ಶ್ವಾಸಕೋಶಕ್ಕೆ ನುಗ್ಗುತ್ತದೆ. ಎಷ್ಟೋ ಸಲ ವೈದ್ಯರು ಬರುವಷ್ಟರಲ್ಲಿ ತಾನಾಗಿ ಬಿಟ್ಟುಕೊಂಡಿರುತ್ತದೆ. ಇಲ್ಲದಿದ್ದರೆ ಅವರು ಮಂಪರು ಕೊಟ್ಟು, ಮೂಗಿನಿಂದ ನಳಿಗೆ ಇಳಿಸಿ ನೀರಾಡಿಸಿ ಸಡಿಲಿಸುತ್ತಾರೆ. ಬಿಟ್ಟುಕೊಂಡ ಮೇಲೂ ಕೆಲವು ದಿನ ಬೆಳಿಗ್ಗೆ ಸಂಜೆ ಜ್ವರ ನೋಡಿ. 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಕೆಮ್ಮಿದರೆ, ನ್ಯುಮೋನಿಯಾದ ಅನುಮಾನದಿಂದ ಮತ್ತೆ ವೈದ್ಯರನ್ನು ಕರೆಯಬೇಕು. ಗಂಟಲು ನೋವು ಆರುವವರೆಗೆ ತಿನ್ನಲು ಕೊಡುವ ಮೆತ್ತನೆಯ ಗಂಜಿಗಳಲ್ಲಿ ಚೆನ್ನಾಗಿ ನೆನೆಸಿದ ಬೀಟ್ ಪಲ್ಪ್ ಕೂಡ ಒಂದು. ತಪ್ಪು ಪಲ್ಪ್‌ನದಲ್ಲ, ನೆನೆಸದೆ ಕೊಟ್ಟದ್ದರದು.

ಸುಣ್ಣ, ರಂಜಕ, ಉಪ್ಪು

ಒಂದು ಕೆಜಿ ಪಲ್ಪ್‌ನಲ್ಲಿ ಎಂಟು ಗ್ರಾಂ ಆಸುಪಾಸು ಕ್ಯಾಲ್ಸಿಯಂ, ರಂಜಕ ಒಂದೇ ಗ್ರಾಂ. 500 ಕೆಜಿಯ ವಿಶ್ರಾಂತ ಕುದುರೆಗೆ ದಿನಕ್ಕೆ 20 ಗ್ರಾಂ ಕ್ಯಾಲ್ಸಿಯಂ, 14 ಗ್ರಾಂ ರಂಜಕ ಬೇಕು. ಇಡೀ ದಿನದ ಮೇವಿನಲ್ಲಿ ಕ್ಯಾಲ್ಸಿಯಂ ರಂಜಕದ ಒಂದೂವರೆ-ಎರಡು ಪಟ್ಟಿರಬೇಕು, ರಂಜಕಕ್ಕಿಂತ ಕಡಿಮೆಯಂತೂ ಎಂದಿಗೂ ಆಗಬಾರದು. ಗೋಧಿ ಬೂಸಾದ್ದು ಇದರ ತದ್ವಿರುದ್ಧ: ಕೆಜಿಗೆ ರಂಜಕ ಹನ್ನೊಂದು ಗ್ರಾಂನಷ್ಟು, ಕ್ಯಾಲ್ಸಿಯಂ ಒಂದು ಗ್ರಾಂಗೆ ಸ್ವಲ್ಪ ಮೇಲೆ. ಅದಕ್ಕೇ ಎರಡನ್ನೂ ಬೆರೆಸುವ ರೂಢಿ ಇದೆ. ಆದರೆ ಸಮಸಮ ಬೆರೆಸಿದರೆ ಒಂಬತ್ತು ಗ್ರಾಂ ಕ್ಯಾಲ್ಸಿಯಂಗೆ ಹನ್ನೆರಡು ಗ್ರಾಂ ರಂಜಕ, ಇನ್ನೂ ತಲೆಕೆಳಗೇ. ಎರಡು ಪಾಲು ಪಲ್ಪ್‌ಗೆ ಒಂದು ಪಾಲು ಬೂಸಾ ಹಾಕಿದಾಗ ಮಾತ್ರ ಕ್ಯಾಲ್ಸಿಯಂ ಮೇಲಾಗುತ್ತದೆ. ಇನ್ನೊಂದು ತುದಿಯಲ್ಲಿ ಲೂಸರ್ನ್ (ಕುದುರೆಮೆಂತೆ) ಇದೆ. ಅದರಲ್ಲೂ ಕ್ಯಾಲ್ಸಿಯಂ ತುಂಬಿರುವುದರಿಂದ, ಬೆಳೆಯುವ ಮರಿಗೆ ಲೂಸರ್ನ್ ಜೊತೆ ಪಲ್ಪ್ ಕೊಟ್ಟರೆ ರಂಜಕ ಬೇರೆ ಕಡೆಯಿಂದ ಬರಬೇಕು.

ವಿಟಮಿನ್ ಎ, ಇ, ಸೆಲೆನಿಯಂ ಇವು ಪಲ್ಪ್‌ನಲ್ಲಿ ಹೆಸರಿಗಷ್ಟೇ. ಹಸಿರು ಹುಲ್ಲು ಮೇಯದ ಕುದುರೆಯಾದರೆ ಸಮತೋಲನದ ಖನಿಜ-ವಿಟಮಿನ್ ಪುಡಿ ಬೇಕೇ ಬೇಕು, ನೆನೆದ ಪಲ್ಪ್ ಅದನ್ನು ಅಡಗಿಸಿ ತಿನ್ನಿಸಲು ಒಳ್ಳೆಯ ಉಪಾಯ. 500 ಕೆಜಿ ಕುದುರೆಗೆ ದಿನಕ್ಕೆ 25 ಗ್ರಾಂ ಉಪ್ಪನ್ನೂ ಇದರಲ್ಲೇ ಬೆರೆಸಬಹುದು.

ಕ್ಯಾಲ್ಸಿಯಂ ಹೆಚ್ಚಿರುವುದರಿಂದಲೇ ಮೂತ್ರಪಿಂಡ ಸೋತ ಕುದುರೆಗೆ ಇದು ಬೇಡ. ಕುದುರೆ ಹೆಚ್ಚುವರಿ ಕ್ಯಾಲ್ಸಿಯಂ ಅನ್ನು ಮೂತ್ರದಲ್ಲೇ ಹೊರಹಾಕುವ ಪ್ರಾಣಿ.

ಹಲ್ಲಿಲ್ಲದ ಮುದುಕರಿಗೆ

ಗೋದಲಿಯ ಕೆಳಗೆ ಅರೆಬರೆ ಅಗಿದು ಉಗುಳಿದ ಹುಲ್ಲಿನ ಉಂಡೆಗಳು ಬಿದ್ದಿದ್ದರೆ ದವಡೆ ಹಲ್ಲು ಕೈಕೊಟ್ಟಿದೆ. ಇಂಥ ಕುದುರೆಗೆ ಮುಂದೆ ಎಷ್ಟು ಹುಲ್ಲು ಹಾಕಿದರೂ ಅದು ತಿಂದ ಲೆಕ್ಕಕ್ಕೆ ಬರುವುದಿಲ್ಲ. ಉದ್ದ ಹುಲ್ಲು ಶೇ. 1 ಇರಬೇಕೆಂಬ ಮೇಲಿನ ನಿಯಮ ಇಲ್ಲಿ ಸಡಿಲ. 450 ಕೆಜಿಯ ಮುದಿ ಕುದುರೆಗೆ ದಿನದ ಏಳೆಂಟು ಕೆಜಿಯಲ್ಲಿ ಎರಡೂವರೆ ಕೆಜಿ ಬೀಟ್ ಪಲ್ಪ್, ಉಳಿದದ್ದು ಹುಲ್ಲಿನ ಗುಳಿಗೆ ಅಥವಾ ಹುಲ್ಲಿನ ಒತ್ತು ಇಟ್ಟಿಗೆ, ಎಲ್ಲವನ್ನೂ ಒಟ್ಟಿಗೆ ನೆನೆಸಿ ಗಟ್ಟಿ ಗಂಜಿಯ ಹದಕ್ಕೆ ತಂದು ದಿನಕ್ಕೆ ನಾಲ್ಕೈದು ಸಲ ಕೊಡಿ. ನೆನೆದಾಗ ಇದು ಮೂವತ್ತು ಕೆಜಿ ಮೀರುತ್ತದೆ. ಕುದುರೆಯ ಜಠರ ಹತ್ತು-ಹದಿನೈದು ಲೀಟರಿನದು, ಎರಡು ಹೊತ್ತಿನಲ್ಲಿ ಮುಗಿಸುವ ಕೆಲಸವಲ್ಲ. ಬಾಯಾಡಿಸಲು ಒಂದು ಹಿಡಿ ಮೆತ್ತನೆಯ ಹುಲ್ಲು ಪಕ್ಕದಲ್ಲಿರಲಿ, ಗಂಟಲು ಕಟ್ಟುವ ಅಭ್ಯಾಸ ಇದ್ದರೆ ಅದೂ ಬೇಡ.

ಮೂಸಿ ನೋಡಿ ಮುಖ ತಿರುಗಿಸಿದರೆ

ಹಲವು ಕುದುರೆಗಳಿಗೆ ಮೊದಲ ದಿನ ಇದರ ಒದ್ದೆ ಸ್ಪರ್ಶವೇ ಹಿಡಿಸುವುದಿಲ್ಲ. ನೀರು ಬಸಿದು ಉದುರುದುರಾಗಿ ಕೊಟ್ಟು ನೋಡಿ. ಕೆಲವಕ್ಕೆ ತದ್ವಿರುದ್ಧವಾಗಿ ತೆಳ್ಳಗಿನ ಗಂಜಿಯೇ ಇಷ್ಟ. ದಿನವೂ ತಿನ್ನುವ ಮೇವಿನಲ್ಲಿ ಒಂದು ಹಿಡಿ ನೆನೆದ ಪಲ್ಪ್ ಅಡಗಿಸಿ, ನಾಲ್ಕು ದಿನ ಹಾಗೇ ಬಿಟ್ಟು ಆಮೇಲೆ ಏರಿಸಿ. ಔಷಧಿಯನ್ನು ಮೊದಲ ವಾರದಲ್ಲೇ ಬೆರೆಸಿದರೆ ಕುದುರೆ ಪಲ್ಪ್ ಅನ್ನೂ ಔಷಧಿಯನ್ನೂ ಒಟ್ಟಿಗೆ ಅನುಮಾನಿಸಲು ಕಲಿಯುತ್ತದೆ. ಇಷ್ಟಪಟ್ಟು ತಿನ್ನುತ್ತಿದ್ದ ಕುದುರೆ ಒಂದು ದಿನ ತಟ್ಟನೆ ಬಿಟ್ಟರೆ ಮೊದಲು ಬಕೆಟ್ ಮೂಸಿ. ಹುಳಿ ವಾಸನೆ ನಿಮ್ಮ ಮೂಗಿಗೆ ತಿಳಿಯುವ ಮುಂಚೆ ಅದರ ಮೂಗಿಗೆ ತಿಳಿದಿರುತ್ತದೆ. ಬಕೆಟ್ ಸರಿಯಿದ್ದು ಹುಲ್ಲನ್ನೂ ಮುಟ್ಟದಿದ್ದರೆ ಹಲ್ಲು, ಜ್ವರ, ಹೊಟ್ಟೆಯ ಸದ್ದು ನೋಡಬೇಕಾದ ಸಮಯ ಅದು.